ಎರಡನೆಯ ಸಲ ಕೇಳದ ಪ್ರಶ್ನೆ

೩೦ ಏಪ್ರಿಲ್ ೨೦೨೫, ಬುಧವಾರ

ಗುರುವಿನ ಅಡಿಗೆ ಶರಣು. ಕರಸ್ಥಲದಲ್ಲಿ ನೆಲೆಗೊಂಡ ಲಿಂಗಕ್ಕೆ ಶರಣು. ಅರಿವಾಗಿ ಲೋಕದಲ್ಲಿ ನಡೆದಾಡುವ ಜಂಗಮಕ್ಕೆ ಶರಣು. ಶಾಲಿವಾಹನ ಶಕ ಸಾವಿರದ ಒಂಬೈನೂರ ನಲವತ್ತೇಳು, ವಿಶ್ವಾವಸು ಸಂವತ್ಸರದ ವೈಶಾಖ ಶುದ್ಧ ತದಿಗೆ, ಬಸವ ಜಯಂತಿಯ ಈ ಪುಣ್ಯದಿನ, ಅಜ್ಜಂಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಎಪ್ಪತ್ಮೂರು ವರ್ಷದ ಮಲ್ಲಿಕಾಂಬ ಎಂಬ ನಾನು ಈ ಹೊಸ ಪುಸ್ತಕವನ್ನು ತೆರೆದಿದ್ದೇನೆ. ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಪಂಡಿತಳಾಗಿದ್ದ ಕಾಲದಿಂದಲೂ ದಿನಚರಿ ಬರೆಯುವ ರೂಢಿಯುಂಟು. ಇದನ್ನು ಓದುವವರು ಯಾರೂ ಇಲ್ಲ, ಇರಲೂ ಬಾರದು.

ಪೂಜೆ ಪ್ರಸಾದಗಳು ಮುಗಿದ ಮೇಲೆ ಮೊಮ್ಮಗಳು ಸ್ಫೂರ್ತಿ ತನ್ನ ಮುಂದಿನ ಓದಿನ ವಿಷಯವನ್ನು ಎಲ್ಲರೆದುರು ಹೇಳಿದಳು. ಕಡೂರಿನ ಕಾಲೇಜಿನಲ್ಲಿ ವಿಜ್ಞಾನ ತೆಗೆದುಕೊಂಡು ಪಿಯುಸಿಯಲ್ಲಿ ಶೇಕಡ ಎಂಬತ್ತೊಂದು ಪಡೆದಿರುವ ಹುಡುಗಿ. ಕ್ಷ-ಕಿರಣ, ಸ್ಕ್ಯಾನಿಂಗ್ ಮೊದಲಾದವುಗಳಿಂದ ದೇಹದೊಳಗಿನ ಚಿತ್ರ ತೆಗೆಯುವ ವಿದ್ಯೆಗೆ ಮೈಸೂರಿನ ಒಂದು ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಪದವಿ ಇದೆಯಂತೆ, ಅದಕ್ಕೇ ಸೇರಬೇಕಂತೆ.

“ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಮತ್ತೇನೇ ಅದು, ಫೋಟೋ ಹಿಡಿಯೋದಾ?” ಎಂದೆ.

“ಫೋಟೋನೇ ಅಜ್ಜಿ. ಆದ್ರೆ ನಾವು ನಗಿ ಅನ್ನಲ್ಲ, ಉಸಿರು ಬಿಗಿ ಹಿಡೀರಿ ಅಂತೀವಿ.”

ಅವಳ ಅಪ್ಪ, ನನ್ನ ಮಗ ಓಂಕಾರೇಶ್, ಗೊಳ್ಳೆಂದು ನಕ್ಕ. ಸೊಸೆ ಅನಿತಾ ನಗಲಿಲ್ಲ. ನನ್ನ ಮುಖ ನೋಡಿದಳು. ಹುಡುಗಿಗೆ ಕನ್ನಡ ಎಂ.ಎ. ಮಾಡಿಸಬೇಕೆಂಬ ನನ್ನ ಬಯಕೆ ಅವಳಿಗೆ ತಿಳಿಯದ್ದೇನಲ್ಲ.

ಅರ್ಜಿಗೆ ಜೂನ್ ಹದಿನಾರು ಕಡೆಯ ದಿನ. ಅಂಕಪಟ್ಟಿ, ವರ್ಗಾವಣೆ ಪತ್ರಗಳೊಡನೆ ಇನ್ನೆರಡು ಕಾಗದ ಬೇಕು. ಯಾವುದಾದರೂ ಕ್ಷ-ಕಿರಣ ಕೇಂದ್ರದಲ್ಲಿ ಹದಿನೈದು ದಿನ ನಿಂತು ಕೆಲಸ ನೋಡಿದ್ದಕ್ಕೆ ಅಲ್ಲಿಯವರು ಕೊಟ್ಟ ಪ್ರಮಾಣಪತ್ರ ಒಂದು. ಈ ವಿದ್ಯೆ ತನಗೇಕೆ ಬೇಕೆಂದು ತಾನೇ ಬರೆದ ಪುಟ ಇನ್ನೊಂದು. ಪ್ರಮಾಣಪತ್ರವಿಲ್ಲದ ಅರ್ಜಿಯನ್ನು ಅವರು ತೆರೆದೂ ನೋಡುವುದಿಲ್ಲವಂತೆ. ತರೀಕೆರೆಯಲ್ಲಿ ಅಂಥ ಕೇಂದ್ರ ನಡೆಸುವ ಡಾಕ್ಟರ್ ರುದ್ರಮೂರ್ತಿ ಮೂವತ್ತೆಂಟು ವರ್ಷದ ಹಿಂದೆ ನನ್ನಲ್ಲಿ ಹಳಗನ್ನಡ ಓದಿದವನು. ಫೋನು ಮಾಡಿ ಹೇಳಿದೆ, ಒಡನೆಯೇ ಒಪ್ಪಿದ. ಹೇಳಿದ್ದು ಮೊಮ್ಮಗಳ ಮೇಲಿನ ಮಮತೆಯಿಂದಲೇ ಹೊರತು ಆ ವಿದ್ಯೆಯ ಮೇಲಿನ ಗೌರವದಿಂದಲ್ಲ ಎಂಬುದನ್ನು ಇಲ್ಲಿ ನಮೂದಿಸುತ್ತೇನೆ.

೫ ಮೇ, ಸೋಮವಾರ

ಬೆಳಗಿನ ಎಂಟರ ಬಸ್ಸಿಗೆ ಹೋದವಳು ಸಂಜೆ ಆರಕ್ಕೆ ಬಂದಳು. ಅಲ್ಲಿ ಶೌಕತ್ ಅಲಿ ಎಂಬಾತ ಯಂತ್ರ ನಡೆಸುತ್ತಾನಂತೆ. ಮೂವತ್ತು ವರ್ಷದ ಅನುಭವವಂತೆ. ಇವಳಿಗೆ ಯಂತ್ರವನ್ನು ಮುಟ್ಟಲು ಬಿಡದೆ, ಬಂದವರ ಹೆಸರು ಕೇಳುವುದನ್ನು ದಿನವಿಡೀ ಕಲಿಸಿದನಂತೆ.

“ಹೆಸರು ಕೇಳೋದ್ರಲ್ಲಿ ಕಲಿಯೋದೇನಿದೆಯೇ?”

“ಇದೆ ಅಜ್ಜಿ. ನೀವು ಹಾಲಮ್ಮನವ್ರಾ ಅಂತ ಕೇಳ್ಬಾರ್ದಂತೆ. ಕಿವಿ ಕೇಳ್ದೋರು, ಗಾಬ್ರಿ ಆಗಿರೋರು ಎಲ್ಲಾದಕ್ಕೂ ಹೂಂ ಅಂದ್ಬಿಡ್ತಾರಂತೆ. ನಿಮ್ಮ ಹೆಸ್ರೇನು ಅಂತ್ಲೇ ಕೇಳ್ಬೇಕು. ಹೂಂ ಅನ್ನೋಕೆ ಜಾಗ ಕೊಡ್ಬಾರ್ದು ಅಂತಾರೆ ಶೌಕತ್ ಸರ್.”

ಹೆಣ್ಣುಮಕ್ಕಳನ್ನು ಪರದೆಯ ಹಿಂದೆ ಕರೆದೊಯ್ದು, ಒಡವೆ ತೆಗೆಸಿ, ಅಂಗಿ ತೊಡಿಸಿ ಸಿದ್ಧಪಡಿಸುವ ಕೆಲಸ ನಾಳೆಯಿಂದ ಇವಳಿಗಂತೆ. ಆತ ಗಂಡಸಾದ್ದರಿಂದ ಪರದೆಯೊಳಗೆ ಹೋಗುವುದಿಲ್ಲ. ಅಷ್ಟರಮಟ್ಟಿಗೆ ಮರ್ಯಾದಸ್ಥ.

ಇದಕ್ಕೆ ನಾಲ್ಕು ವರ್ಷ ಓದಬೇಕೆ ಎಂಬ ಸಂದೇಹ ನನಗೆ ಉಳಿದೇ ಇದೆ.

೧೨ ಮೇ, ಸೋಮವಾರ

ಮನೆಯೇ ಕ್ಷ-ಕಿರಣ ಕೇಂದ್ರವಾಗಿದೆ. ನಿನ್ನೆ ರಜೆಯ ದಿನ ಓಂಕಾರೇಶನನ್ನು ಊಟದ ಮೇಜಿನ ಮೇಲೆ ಮಲಗಿಸಿ ಮಂಡಿಯ ಕೋನ ಸರಿಮಾಡಿದಳು. ಅನಂತರ ನನ್ನ ಸರದಿ. ಬೀರುವಿನ ಬಾಗಿಲಿಗೆ ಎದೆಯೊತ್ತಿ ನಿಲ್ಲಿಸಿ, ಗಲ್ಲ ಮೇಲೆತ್ತಿಸಿ, ಕೈಗಳನ್ನು ಸೊಂಟದ ಮೇಲಿರಿಸಿ, ಮೊಣಕೈಗಳನ್ನು ಮುಂದಕ್ಕೆ ತಳ್ಳಿದಳು. ಹಾಗೆ ಮಾಡಿದರೆ ಬೆನ್ನಿನ ಹಲಗೆಯೆಲುಬು ಶ್ವಾಸಕೋಶದ ಮೇಲಿಂದ ಪಕ್ಕಕ್ಕೆ ಸರಿಯುವುದಂತೆ. “ಉಸಿರು ಎಳ್ಕೋ ಅಜ್ಜಿ, ಬಿಗಿ ಹಿಡಿ” ಎಂದಳು. ಬಿಗಿ ಹಿಡಿಯುವಷ್ಟರಲ್ಲಿ ಕೆಮ್ಮು ಬಂದಿತು. ಆಗಿನಿಂದ ಅದು ನಿಂತಿಲ್ಲ.

ಯಗಟಿಯ ಕಡೆಯ ಓಬಮ್ಮ ಎಂಬ ಮುದುಕಿ, ಕುರಿ ಗುದ್ದಿ ಬಿದ್ದು ಮಣಿಕಟ್ಟು ಮುರಿದುಕೊಂಡು ಬಂದವಳು, ಬಳೆ ತೆಗೆಯುವುದಿಲ್ಲವೆಂದು ಹಟ ಹಿಡಿದಳಂತೆ. “ಮೂರು ಸಲ ಕೇಳ್ದೆ. ನಾಕನೇ ಸಲ ಕೇಳಿದ್ದಕ್ಕೆ, ನಿನ್ ಬಾಯಿಗಿಷ್ಟು ಮಣ್ಣಾಕ, ತಗಳವ್ವ ಅಂತ ಕೈ ಚಾಚಿದ್ರು” ಎಂದು ಸ್ಫೂರ್ತಿ ಅಭಿನಯಿಸಿ ತೋರಿಸಿದಳು. ಅನಿತಾ ನಕ್ಕು ನಕ್ಕು ಸುಸ್ತಾದಳು.

ಒಂದೇ ಎಲುಬನ್ನು ಎರಡು ಕಡೆಯಿಂದ ತೆಗೆಯಬೇಕಂತೆ. ಮುಂದಿನಿಂದ ನೋಡಿದಾಗ ನೆಟ್ಟಗೆ ಕಾಣುವುದು ಪಕ್ಕದಿಂದ ನೋಡಿದಾಗ ಮುರಿದಿರಬಹುದು. ಈ ಮಾತು ಗಮನಾರ್ಹವಾದುದರಿಂದ ಬರೆದಿಟ್ಟುಕೊಂಡಿದ್ದೇನೆ.

೧೯ ಮೇ, ಸೋಮವಾರ

ಕೆಮ್ಮು ಎರಡನೆಯ ವಾರಕ್ಕೆ ಕಾಲಿಟ್ಟಿತೆಂದು ಓಂಕಾರೇಶ್ ಇಂದು ನನ್ನನ್ನು ತರೀಕೆರೆಗೆ ಕರೆದೊಯ್ದ. ರುದ್ರಮೂರ್ತಿ ಎದೆಯ ಚಿತ್ರ ತೆಗೆಸಲು ಬರೆದ. ಪರದೆಯ ಹಿಂದೆ ನನ್ನನ್ನು ಸಿದ್ಧಪಡಿಸಲು ಬಂದವಳು ನನ್ನ ಮೊಮ್ಮಗಳೇ. ಅಲ್ಲಿಯ ಜನರೆದುರು ಅವಳಿಗೆ ಸ್ವಲ್ಪ ಸಂಕೋಚ. ನನಗೆ ಸ್ವಲ್ಪ ಹೆಮ್ಮೆ.

ಸರ, ಬಳೆ, ಕಿವಿಯೋಲೆಗಳನ್ನು ಬಿಚ್ಚಿಕೊಟ್ಟೆ. ಬೆಳ್ಳಿಯ ಕರಡಿಗೆಯನ್ನೂ ಕೊಟ್ಟೆ. ಅದರೊಳಗಿನ ಲಿಂಗವನ್ನು ಮಾತ್ರ ರೇಷ್ಮೆಯ ತುಂಡಿನಲ್ಲಿ ಸುತ್ತಿ, ಶಿವದಾರದಲ್ಲಿ ಬಿಗಿದು, ಅವರು ಕೊಟ್ಟ ಹಸಿರು ಅಂಗಿಯೊಳಗೆ ಎದೆಯ ಎಡಭಾಗಕ್ಕೆ ಸೇರಿಸಿಕೊಂಡೆ. ಹತ್ತನೆಯ ವಯಸ್ಸಿನಲ್ಲಿ ಮಠದಲ್ಲಿ ದೀಕ್ಷೆಯಾದಂದಿನಿಂದ ಅದನ್ನು ದೇಹದಿಂದ ಅಗಲಿಸಿದವಳಲ್ಲ. ಹೆರಿಗೆಯ ವೇಳೆಯಲ್ಲೂ ಅಗಲಿಸಲಿಲ್ಲ.

“ಎಲ್ಲಾ ತೆಗ್ದ್ಯಾ ಅಜ್ಜಿ? ಎದೆ ಮೇಲೆ ಏನೂ ಇಲ್ಲ ತಾನೆ?” ಎಂದು ಹುಡುಗಿ ಕೇಳಿದಳು.

“ಏನೂ ಇಲ್ಲ, ನಡಿಯೇ. ನಂಗೇ ಪಾಠ ಹೇಳ್ತೀಯಾ?” ಎಂದೆ.

ಅವಳು ತಲೆ ತಗ್ಗಿಸಿ ಪರದೆ ಸರಿಸಿದಳು. ಹೊರಗಿನಿಂದ ಶೌಕತ್ ಅಲಿ, “ಎಲ್ಲಾ ತೆಗ್ಸಿದ್ಯೇನಮ್ಮಾ?” ಎಂದದ್ದಕ್ಕೆ, “ಹೂಂ ಸರ್, ಕರಡಿಗೇನೂ ತೆಗ್ಸಿದೀನಿ” ಎಂದಳು. ಬಾಗಿಲ ಮೇಲೆ ಕೆಂಪು ದೀಪ ಹೊತ್ತಿತು, ಕ್ಷಣದಲ್ಲಿ ಮುಗಿಯಿತು.

ಲಿಂಗವು ಒಡವೆಯಲ್ಲ, ಮೈಮೇಲೆ ಇರಿಸಿಕೊಂಡ ಪದಾರ್ಥವೂ ಅಲ್ಲ. ಪ್ರಾಣದ ಪ್ರತಿರೂಪವದು. ಆದುದರಿಂದ ನಾನು ಕೊಟ್ಟ ಉತ್ತರ ಯಥಾರ್ಥವೇ ಆಗಿದೆ.

೨೦ ಮೇ, ಮಂಗಳವಾರ

ರುದ್ರಮೂರ್ತಿ ಓಂಕಾರೇಶನಿಗೆ ಫೋನು ಮಾಡಿದ್ದಾನೆ. ಎಡ ಶ್ವಾಸಕೋಶದಲ್ಲಿ ದುಂಡನೆಯ ಬಿಳಿಯ ಮಚ್ಚೆಯೊಂದು ಕಾಣುತ್ತಿದೆ. ದೊಡ್ಡದೇ ಇದೆ. ಇಪ್ಪತ್ತಾರಕ್ಕೆ ಶಿವಮೊಗ್ಗದಲ್ಲಿ ಸಿ.ಟಿ. ಸ್ಕ್ಯಾನ್ ಆಗಬೇಕು.

ಅವನು ಹೇಳದೆ ಬಿಟ್ಟ ಪದವನ್ನು ಮನೆಯಲ್ಲಿ ಯಾರೂ ಹೇಳುತ್ತಿಲ್ಲ.

೨೨ ಮೇ, ಗುರುವಾರ

ಬರೆಯುವುದು ಬೇಡವೆನಿಸುತ್ತದೆ. ಅನಿತಾ ಸಾರಿಗೆ ಉಪ್ಪು ಹಾಕುವುದನ್ನು ಎರಡು ದಿನವೂ ಮರೆತಳು. ಓಂಕಾರೇಶ್ ತನ್ನ ಕಬ್ಬಿಣದ ಸಾಮಾನಿನ ಅಂಗಡಿಯ ಬೀಗ ತೆಗೆದಿಲ್ಲ.

ಸ್ಫೂರ್ತಿ ತರೀಕೆರೆಗೆ ಹೋಗುವುದನ್ನು ನಿಲ್ಲಿಸಿದ್ದಾಳೆ. ಹದಿಮೂರು ದಿನವಾಗಿತ್ತು, ಇನ್ನೆರಡು ಬಾಕಿ. ಈ ವರ್ಷ ಅರ್ಜಿ ಹಾಕುವುದಿಲ್ಲವಂತೆ. ನನ್ನ ಬಳಿಯೇ ಇರುತ್ತಾಳಂತೆ.

ಬೇಡವೆಂದು ನಾನು ಹೇಳಲಿಲ್ಲ.

೨೩ ಮೇ, ಶುಕ್ರವಾರ

ಬೆಳಗ್ಗೆ ಪೂಜೆಗೆ ಕುಳಿತಿದ್ದೆ. ಲಿಂಗ ಎಡ ಅಂಗೈಯಲ್ಲಿತ್ತು. ಸ್ಫೂರ್ತಿ ಬಿಲ್ವಪತ್ರೆ ತಂದಿಟ್ಟು ಹೋಗುವ ಬದಲು ಅಲ್ಲಿಯೇ ನಿಂತಳು. ಬಹಳ ಹೊತ್ತು ನಿಂತಳು. ಪೂಜೆ ಮುಗಿಯುವವರೆಗೂ ಅವಳ ಕಣ್ಣು ನನ್ನ ಅಂಗೈಯ ಮೇಲೆಯೇ ಇತ್ತು. ಅನಂತರ ತನ್ನ ಮೊಬೈಲಿನಲ್ಲಿದ್ದ ನನ್ನ ಎದೆಯ ಚಿತ್ರವನ್ನು ತೆರೆದು ನನ್ನ ಮುಂದೆ ಕುಳಿತಳು.

“ಅಜ್ಜಿ, ಅವತ್ತು ಕರಡಿಗೆ ನನ್ನ ಕೈಗೆ ಕೊಟ್ಟೆ. ಒಳಗೆ ಲಿಂಗ ಇತ್ತಾ?”

“ಲಿಂಗವನ್ನು ಯಾರಾದರೂ ಇನ್ನೊಬ್ಬರ ಕೈಗೆ ಕೊಡ್ತಾರೇನೇ?”

“ಮತ್ತೆ ಎಲ್ಲಿತ್ತು?”

“ಇರಬೇಕಾದ ಕಡೆ ಇತ್ತು.”

ಅವಳು ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದಳು. ಪಕ್ಕೆಲುಬುಗಳ ನಡುವೆ ಬಿಳಿಯ ಮಚ್ಚೆ. “ಇದು ಇಷ್ಟು ದುಂಡಗೆ ಇದ್ಯಲ್ಲ ಅಂತ ಮೂರು ದಿನದಿಂದ ನೋಡ್ತಿದೀನಿ. ಗೆಡ್ಡೆ ಇಷ್ಟು ನೀಟಾಗಿ ಇರಲ್ಲ ಅಜ್ಜಿ. ನಾನು ಕೇಳಿದ್ನಲ್ಲ, ಎದೆ ಮೇಲೆ ಏನೂ ಇಲ್ಲ ತಾನೆ ಅಂತ?”

“ಲಿಂಗ ನಿನಗೆ ‘ಏನೋ ಒಂದು’ ಆಯಿತೇನೇ? ಈ ಮನೆಯಲ್ಲಿ ಹುಟ್ಟಿ ಇದೇ ಕಲಿತದ್ದಾ?” ಎಂದು ಗದರಿದೆ. ಧ್ವನಿ ಜೋರಾಯಿತು. ಅನಿತಾ ಅಡುಗೆಮನೆಯಿಂದ ಓಡಿಬಂದಳು.

ಹುಡುಗಿ ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು. “ಅಮ್ಮ, ಅಜ್ಜಿಗೆ ಏನೂ ಆಗಿಲ್ಲ ಕಣಮ್ಮ. ಏನೂ ಆಗಿಲ್ಲ.”

ಮನೆಯೆಲ್ಲ ಸಮಾಧಾನಗೊಂಡಿತು. ಓಂಕಾರೇಶ್ ಅಂಗಡಿಗೆ ಹೋದ. ನನಗೇಕೋ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚಾಗಿ ಉಳಿದಿದೆ.

೨೪ ಮೇ, ಶನಿವಾರ

ಯಾರೂ ಹೇಳದಿದ್ದರೂ ಸ್ಫೂರ್ತಿ ತಾನಾಗಿಯೇ ತರೀಕೆರೆಗೆ ಹೋಗಿ, ನಡೆದುದನ್ನು ಶೌಕತ್ ಅಲಿಗೂ ರುದ್ರಮೂರ್ತಿಗೂ ಹೇಳಿದ್ದಾಳೆ. ಸ್ಕ್ಯಾನ್ ರದ್ದಾಯಿತು. ಹೊಸದಾಗಿ ಎದೆಯ ಚಿತ್ರ ತೆಗೆಸಬೇಕಂತೆ.

ಆದರೆ ರುದ್ರಮೂರ್ತಿಗೆ ಸಿಟ್ಟು ಬಂದಿದೆ. ಇಲ್ಲದ ರೋಗವನ್ನು ಇದೆಯೆಂದು ಒಂದು ಮನೆಗೆ ಹೇಳುವಂತಾಯಿತಲ್ಲ, ಇದು ಬೇರೆಯವರಿಗಾಗಿದ್ದರೆ ಏನು ಗತಿ ಎಂದನಂತೆ. ಇನ್ನು ಮೇಲೆ ಬರಬೇಡ ಎಂದನಂತೆ. ಪ್ರಮಾಣಪತ್ರವಿಲ್ಲ. ಶೌಕತ್ ಅಲಿ, “ತಪ್ಪಲ್ಲಿ ಅರ್ಧ ನಂದು ಸರ್, ನಾನು ಇನ್ನೊಂದ್ಸಲ ವಿಚಾರಿಸ್ಬೇಕಿತ್ತು” ಎಂದು ಅಡ್ಡ ಬಂದರೂ ಡಾಕ್ಟರು ಕೇಳಲಿಲ್ಲವಂತೆ.

ಇದನ್ನೆಲ್ಲ ಅವಳು ಹೇಳಿದ್ದು ನನಗಲ್ಲ, ತನ್ನ ತಾಯಿಗೆ. ನನ್ನ ಕೋಣೆಗೆ ಕೇಳಿಸಿತು.

೨೮ ಮೇ, ಬುಧವಾರ

ನಾನು ತರೀಕೆರೆಗೆ ಹೋಗಿಲ್ಲ. ಹೊಸ ಚಿತ್ರದ ಅಗತ್ಯ ನನಗೆ ಕಾಣುವುದಿಲ್ಲ. ಕೆಮ್ಮಿಗೆ ಹಿಪ್ಪಲಿ ಕಷಾಯ ಸಾಕು.

ಅಜ್ಜಂಪುರದಲ್ಲೂ ಕಡೂರಿನಲ್ಲೂ ಬೇರೆ ಕೇಂದ್ರಗಳನ್ನು ಓಂಕಾರೇಶ್ ವಿಚಾರಿಸಿದ. ಹತ್ತೊಂಬತ್ತು ದಿನದಲ್ಲಿ ಹೊಸದಾಗಿ ಹದಿನೈದು ದಿನ ನಿಲ್ಲಿಸಿಕೊಂಡು ಬರೆದುಕೊಡಲು ಯಾರೂ ಒಪ್ಪಲಿಲ್ಲ. ಹುಡುಗಿ ಅರ್ಜಿಯ ಕಾಗದಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿ ಬೀರುವಿನ ಮೇಲೆ ಎಸೆದಿದ್ದಾಳೆ.

ಇಂದು ಊಟದ ಹೊತ್ತಿಗೆ ಅನಿತಾ, ಇಪ್ಪತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ, ನನಗೆ ಎದುರಾಡಿದಳು.

“ಅತ್ತೆ, ಅವ್ಳು ನಿಮ್ಮನ್ನ ಕೇಳಿದ್ಲೋ ಇಲ್ವೋ?”

“ಕೇಳಿದಳು.”

“ನೀವು ಏನಂದ್ರಿ?”

“ಏನೂ ಇಲ್ಲವೆಂದೆ. ತಾತ್ವಿಕವಾಗಿ ನೋಡಿದರೆ ಅದು...”

“ತತ್ವ ನಂಗೊತ್ತಿಲ್ಲ ಅತ್ತೆ. ನಮ್ಮಪ್ಪನ ಮನೇಲಿ ಕುರಿ ಎಣಿಸ್ವಾಗ ಒಂದು ಬಚ್ಚಿಟ್ಟು, ಅದು ಕುರಿ ಅಲ್ಲ ಮರಿ ಅಂದ್ರೆ, ಸುಳ್ಳು ಅಂತ್ಲೇ ಅಂತಿದ್ರು.”

ಅನಿತಾ ಯಗಟಿಯವಳು. ಅಲ್ಲಿಯ ಮಾತು ಒರಟು. ನಾನು ಊಟ ಬಿಟ್ಟು ಎದ್ದೆ. ಯಾರೂ ಕರೆಯಲಿಲ್ಲ.

೨ ಜೂನ್, ಸೋಮವಾರ

ನಿನ್ನೆ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಇಂದು ಎಂಟರ ಬಸ್ಸಿಗೆ ಸ್ಫೂರ್ತಿಯನ್ನು ಕರೆದುಕೊಂಡು ತರೀಕೆರೆಗೆ ಹೊರಟೆ. “ನೀನು ಹೇಳಿದ್ರೆ ಇನ್ನೂ ಕೆಡುತ್ತೆ ಅಜ್ಜಿ, ಬೇಡ” ಎಂದಳು. ಒಳ್ಳೆಯದಾಗುತ್ತದೆ, ಅವನು ನನ್ನ ಶಿಷ್ಯ ಎಂದೆ.

ರುದ್ರಮೂರ್ತಿ ಎದ್ದುನಿಂತು ಕುರ್ಚಿ ಎಳೆದುಕೊಟ್ಟ. ನಾನು ಕುಳಿತೆ.

“ತಪ್ಪು ನನ್ನದು, ಹುಡುಗಿಯದಲ್ಲ. ಇನ್ನೆರಡು ದಿನ ಅವಳನ್ನು ಸೇರಿಸಿಕೊಂಡು ಪ್ರಮಾಣಪತ್ರ ಬರೆದುಕೊಡು” ಎಂದೆ. ತರಗತಿಯಲ್ಲಿ ಹೇಳುತ್ತಿದ್ದ ಹಾಗೆಯೇ ಹೇಳಿದೆನೆಂದು ಈಗ ತೋರುತ್ತದೆ.

ಅವನು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ.

“ಮೇಡಂ, ನಿಮ್ಮ ಮಾತು ಮೀರ್ದೋನಲ್ಲ ನಾನು. ಸೇರಿಸ್ಕೋ ಅಂದ್ರಿ, ಸೇರಿಸ್ಕೊಂಡೆ. ಈಗ ನೀವು ಹೇಳ್ತಿದೀರಿ ಅಂತ ಬರ್ಕೊಟ್ಟೆ ಅಂದ್ಕೊಳ್ಳಿ. ಅವ್ಳು ಮಾಡಿದ್ದನ್ನೇ ನಾನೂ ಮಾಡ್ದಂಗಾಯ್ತಲ್ಲ? ದೊಡ್ಡೋರು ಹೇಳಿದ್ರು, ಸುಮ್ನಾದ್ಲು. ದೊಡ್ಡೋರು ಹೇಳಿದ್ರು, ನಾನೂ ಸೈನ್ ಹಾಕ್ದೆ.”

ಅವನು ಎಳೆದುಕೊಟ್ಟ ಕುರ್ಚಿಯಿಂದ ನಾನು ಎದ್ದೆ.

ಬಾಗಿಲಲ್ಲಿ ಶೌಕತ್ ಅಲಿ ನಿಂತಿದ್ದರು. ಬಿಳಿಯ ಗಡ್ಡದ ಎತ್ತರದ ಮನುಷ್ಯ. “ಸರ್, ಅಮ್ಮಾರ್ದು ಹೊಸ ಎಕ್ಸ್‌ರೇ ಹೆಂಗೂ ತೆಗೀಲೇಬೇಕಲ್ಲ. ಆ ಹುಡ್ಗೀನೇ ತಯಾರು ಮಾಡ್ಲಿ. ನಾನು ಪರದೆ ಈಚೆ ಇರ್ತೀನಿ, ಬಾಯಿ ಬಿಡಲ್ಲ. ಸರಿಯಾಗಿ ಮಾಡಿದ್ರೆ ಎರಡು ದಿನ ಬರ್ಲಿ. ಮಾಡ್ಲಿಲ್ವಾ, ಬ್ಯಾಡವೇ ಬ್ಯಾಡ” ಎಂದರು.

“ಮೇಡಂ ಒಪ್ಬೇಕಲ್ಲ” ಎಂದ ರುದ್ರಮೂರ್ತಿ.

ಒಪ್ಪಿದೆ.

ಪರದೆಯ ಹಿಂದೆ ಸ್ಫೂರ್ತಿ ಕೈ ತೊಳೆದುಕೊಂಡು ನನ್ನೆದುರು ಬಂದಳು. ಅವಳ ಮುಖ ನನಗೆ ಪರಿಚಯವಿಲ್ಲದ ಮುಖವಾಗಿತ್ತು.

“ನಿಮ್ಮ ಹೆಸರೇನು?”

ಹುಟ್ಟಿದಂದಿನಿಂದ ನನ್ನನ್ನು ‘ನೀನು’ ಎಂದವಳು. “ಗೊತ್ತಿಲ್ವೇನೇ?” ಎಂದೆ.

“ಹೆಸರು ಹೇಳಿ.”

“ಮಲ್ಲಿಕಾಂಬ.”

“ವಯಸ್ಸು?”

“ಎಪ್ಪತ್ಮೂರು.”

“ಯಾವ ಭಾಗದ ಎಕ್ಸ್‌ರೇಗೆ ಬಂದಿದೀರಿ?”

“ಎದೆಯದು.”

“ಕತ್ತಿನಿಂದ ಸೊಂಟದವರೆಗೆ ಮೈಮೇಲೆ ಏನೇನಿದೆ, ಒಂದೊಂದಾಗಿ ಹೇಳಿ.”

ಏನಾದರೂ ಇದೆಯೇ ಎಂದು ಅವಳು ಕೇಳಲಿಲ್ಲ. ಇಲ್ಲ ಎನ್ನಲು ಜಾಗವನ್ನೇ ಕೊಡಲಿಲ್ಲ. ಹೇಳಿದೆ: ಎರಡೆಳೆ ಸರ, ರುದ್ರಾಕ್ಷಿ, ಜಂಪರಿನ ಪಿನ್ನು, ಬೆಳ್ಳಿಯ ಕರಡಿಗೆ.

“ಕರಡಿಗೆ ಒಳಗೆ?”

“ಲಿಂಗ.”

“ಅದು ಎದೆ ಮುಂದೆ ಇದ್ರೆ ಚಿತ್ರದಲ್ಲಿ ಬರುತ್ತೆ. ತೆಗೀರಿ ಅಂತ ನಾನು ಹೇಳಲ್ಲ. ಎಲ್ಲಿ ಇಟ್ಕೋತೀರಿ, ನೀವೇ ಹೇಳಿ.”

ಆ ಪ್ರಶ್ನೆಯನ್ನು ಅವಳು ಎಲ್ಲಿ ಕಲಿತಳೋ. ಆಮೇಲೆ ತಿಳಿಯಿತು, ಶೌಕತ್ ಅಲಿಯವರು ಮೂವತ್ತು ವರ್ಷದಿಂದ ನಮ್ಮವರನ್ನು ಕೇಳುತ್ತ ಬಂದಿರುವುದು ಹೀಗೆಯೇ. ತಮ್ಮ ಕಡೆಯವರ ತಾಯತವನ್ನೂ ಹೀಗೆಯೇ ಕೇಳುವರಂತೆ.

“ಅಂಗೈಯಲ್ಲಿ ಹಿಡಿದುಕೊಳ್ಳಬಹುದೆ?” ಎಂದೆ.

“ಕೈ ಸೊಂಟದ ಮೇಲೆ ಬರುತ್ತೆ. ಹೊಕ್ಕುಳಿಂದ ಕೆಳಗೆ ಲಿಂಗ ಹೋಗ್ಬಾರ್ದಲ್ಲ.”

ಈ ನಿಯಮ ಅವಳಿಗೆ ತಿಳಿದಿದೆಯೆಂದು ನನಗೆ ತಿಳಿದಿರಲಿಲ್ಲ. “ಹಾಗಾದರೆ ಶಿರಸ್ಸು. ಶಿರಸ್ಸಿನ ಮೇಲೆ ಧರಿಸಬಹುದೆಂದು ಹಿರಿಯರ ವಿಧಿಯಿದೆ” ಎಂದೆ.

“ಸರಿ. ಕಟ್ಕೊಳ್ಳೋದು ನೀವೇ ತಾನೆ? ನಾನು ಮುಟ್ಟಲ್ಲ. ಬಟ್ಟೆ ಕೊಡ್ತೀನಿ.”

ಒಗೆದ ಬಿಳಿಯ ಬಟ್ಟೆ ಕೊಟ್ಟು ಅವಳು ಆಚೆ ಮುಖ ತಿರುಗಿಸಿ ನಿಂತಳು. ನಾನು ಉಳಿದವನ್ನೆಲ್ಲ ಬಿಚ್ಚಿಟ್ಟು, ಲಿಂಗವನ್ನು ನೆತ್ತಿಯ ಮೇಲಿರಿಸಿ ಬಿಗಿದುಕೊಂಡೆ. ಎದೆ ಬರಿದಾಯಿತೆಂಬ ಭಾವ ಬರಲಿಲ್ಲ. ತಲೆಯ ಮೇಲೆ ಭಾರವಿದೆಯೆಂಬ ಎಚ್ಚರ ಬಂದಿತು.

“ಇನ್ನೇನಾದ್ರೂ ಉಳೀತಾ?”

“ಇಲ್ಲ.”

“ಇನ್ನೊಂದ್ಸಲ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಏನಾದ್ರೂ ಉಳೀತಾ?”

“ಇಲ್ಲ” ಎಂದೆ. ಮೊದಲನೆಯದು ರೂಢಿಯಿಂದ ಬಂದ ಉತ್ತರ. ಎರಡನೆಯದು ಕತ್ತಿನ ಸುತ್ತ, ತೋಳಿನ ಕೆಳಗೆ ಮುಟ್ಟಿ ನೋಡಿಕೊಂಡು ಕೊಟ್ಟದ್ದು.

ಚಿತ್ರದಲ್ಲಿ ಮಚ್ಚೆಯಿಲ್ಲ. “ಕಫ ಅಷ್ಟೇ ಮೇಡಂ. ವಯಸ್ಸಿಗೆ ತಕ್ಕ ಶ್ವಾಸಕೋಶ” ಎಂದ ರುದ್ರಮೂರ್ತಿ. ರಕ್ತದೊತ್ತಡವೂ ಹೆಚ್ಚಿದೆಯೆಂದು ದಿನಕ್ಕೊಂದು ಮಾತ್ರೆ ಬರೆದ. ಅನಂತರ ಸ್ಫೂರ್ತಿಯ ಕಡೆ ನೋಡದೆಯೇ, “ನಾಳೆ ಎಂಟೂವರೆಗೆ ಬಾ. ಲೇಟಾದ್ರೆ ವಾಪಸ್ ಕಳಿಸ್ತೀನಿ” ಎಂದ.

ಬಸ್‌ಸ್ಟ್ಯಾಂಡಿನಲ್ಲಿ ಅವಳು ನನಗೆ ಎಳನೀರು ಕೊಡಿಸಿದಳು.

೫ ಜೂನ್, ಗುರುವಾರ

ಪ್ರಮಾಣಪತ್ರ ಬಂದಿದೆ. ಮೇಲೆ ಡಾಕ್ಟರ ಸಹಿ, ಮೊಹರು. ಕೆಳಗೆ ಶೌಕತ್ ಅಲಿಯವರು ಸ್ವಹಸ್ತದಿಂದ ಕನ್ನಡದಲ್ಲಿ ಎರಡು ಸಾಲು ಬರೆದಿದ್ದಾರೆ: “ಈ ವಿದ್ಯಾರ್ಥಿನಿ ಒಂದು ತಪ್ಪು ಮಾಡಿದಳು. ಬೇರೆ ಯಾರಿಗೂ ಗೊತ್ತಾಗುವ ಮೊದಲು ತಾನೇ ಬಂದು ಹೇಳಿದಳು.” ಅಕ್ಷರ ದುಂಡಗಿದೆ. ಇದಕ್ಕೆ ನಾನು ಸೇರಿಸುವಂಥದೇನೂ ಕಾಣಲಿಲ್ಲ.

ಅರ್ಜಿಯೊಡನೆ ಕಳಿಸಬೇಕಾದ ಪುಟವನ್ನು ನಾನೇ ಎರಡು ದಿನ ಕುಳಿತು ರಚಿಸಿದ್ದೆ. ಪಿಂಡಾಂಡದ ಗೂಢವನ್ನು ಬೆಳಕಿನ ಮೂಲಕ ಅರಿಯುವ ಈ ವಿದ್ಯೆಯ ಮಹಿಮೆಯಿಂದ ಆರಂಭಿಸಿದ್ದೆ. ಸ್ಫೂರ್ತಿ ಪೂರ್ತಿ ಓದಿದಳು.

“ತುಂಬಾ ಚೆನ್ನಾಗಿದೆ ಅಜ್ಜಿ. ಆದ್ರೆ ಇದನ್ನ ಓದಿ ಅವ್ರು ಸೀಟು ನಿಂಗೇ ಕೊಟ್ಬಿಡ್ತಾರೆ.”

ಇಂಗ್ಲಿಷಿಗೆ ತಿರುಗಿಸುವ ಮೊದಲು ಕನ್ನಡದಲ್ಲಿ ಬರೆದಿದ್ದ ತನ್ನ ಪುಟವನ್ನು ತೋರಿಸಿದಳು. ಅಲಂಕಾರವೆಂಬುದು ಒಂದೂ ಇಲ್ಲ. ನಡುವೆ ಹೀಗಿತ್ತು: “ನಾನು ನನ್ನ ಅಜ್ಜಿಯನ್ನು ಒಂದೇ ಸಲ ಕೇಳಿದೆ. ಹಿರಿಯರೆಂದು ಎರಡನೆಯ ಸಲ ಕೇಳಲಿಲ್ಲ. ಇಲ್ಲದ ರೋಗಕ್ಕೆ ನಮ್ಮ ಮನೆ ಮೂರು ದಿನ ಅತ್ತಿತು. ಕೇಳುವುದನ್ನು ಸರಿಯಾಗಿ ಕಲಿಯಬೇಕೆಂದು ಅರ್ಜಿ ಹಾಕುತ್ತಿದ್ದೇನೆ.”

ನಾನು ಕೆಂಪು ಪೆನ್ನು ಹಿಡಿದು ಕುಳಿತಿದ್ದೆ. ಎಲ್ಲಿಯೂ ಗೆರೆ ಎಳೆಯಲಾಗಲಿಲ್ಲ.

“ನಾನು ಇಲ್ಲ ಎಂದು ಹೇಳಿದ್ದನ್ನು ನೀನು ಬರೆದೇ ಇಲ್ಲವಲ್ಲೇ?” ಎಂದೆ.

“ಅದು ನನ್ನ ಪುಟಕ್ಕಲ್ಲ ಅಜ್ಜಿ. ನಿನ್ನ ಪುಟಕ್ಕೆ” ಎಂದಳು.

ನಾನು ದಿನಚರಿ ಬರೆಯುವುದು ಅವಳಿಗೆ ಹೇಗೆ ತಿಳಿಯಿತೋ ಕಾಣೆ. ಇರಲಿ. ನನ್ನ ಪುಟದಲ್ಲಿ ಬರೆಯುತ್ತೇನೆ. ಮೇ ಹತ್ತೊಂಬತ್ತರಂದು ನಾನು ಸುಳ್ಳು ಹೇಳಿದೆ. ಅದನ್ನು ತತ್ವವೆಂದು ಕರೆದೆ. ಕೇಳಿದವಳು ಚಿಕ್ಕವಳೆಂದು ಹೇಳಿದೆ.

೧೩ ಜೂನ್, ಶುಕ್ರವಾರ

ಕಡೂರಿನ ಕಾಲೇಜಿನಿಂದ ವರ್ಗಾವಣೆ ಪತ್ರ ತರಲು ಎರಡು ಸಲ ಅಲೆದದ್ದಾಯಿತು; ಗುಮಾಸ್ತರು ರಜೆಯಲ್ಲಿದ್ದರು. ಇಂದು ಅರ್ಜಿ ಕಳಿಸಿದಳು. ಕಡೆಯ ದಿನಕ್ಕೆ ಮೂರು ದಿನ ಮುಂಚೆ.

೪ ಜುಲೈ, ಶುಕ್ರವಾರ

ನಿನ್ನೆ ಮೈಸೂರಿನಲ್ಲಿ ಸಂದರ್ಶನವಾಯಿತು. ಓಂಕಾರೇಶ್ ಜೊತೆಗೆ ಹೋಗಿದ್ದ. ಮೂವರು ಕುಳಿತಿದ್ದರಂತೆ. ಭೌತಶಾಸ್ತ್ರದಲ್ಲಿ ಎರಡು ಪ್ರಶ್ನೆ ಕೇಳಿದರಂತೆ, ಒಂದು ತಪ್ಪಾಯಿತಂತೆ. ಆಮೇಲೆ ಒಬ್ಬ ಹೆಂಗಸು, “ರೋಗಿ ನಿನ್ನ ಮೇಲೆ ಸಿಟ್ಟಾದ್ರೆ ಏನ್ಮಾಡ್ತೀಯಮ್ಮಾ?” ಎಂದು ಕೇಳಿದರಂತೆ.

“ಏನಂದೆ?”

“ಸಿಟ್ಟು ಇಳಿಯೋವರೆಗೂ ಕಾಯ್ತೀನಿ, ಆಮೇಲೆ ಅದೇ ಪ್ರಶ್ನೆ ಕೇಳ್ತೀನಿ ಅಂದೆ.”

“ಅದಕ್ಕೆ ಅವರು?”

“ಕೆಳಗೆ ನೋಡ್ಕೊಂಡು ಏನೋ ಬರ್ಕೊಂಡ್ರು.”

೨೨ ಜುಲೈ, ಮಂಗಳವಾರ

ಪಟ್ಟಿ ಬಂದಿತು. ಅವಳ ಹೆಸರಿಲ್ಲ. ಕಾಯುವವರ ಪಟ್ಟಿಯಲ್ಲಿ ಎರಡನೆಯವಳು.

ಅನಿತಾ ಒಬ್ಬಟ್ಟಿಗೆ ನೆನೆಹಾಕಿದ್ದ ಬೇಳೆಯಿಂದ ಸಾರು ಮಾಡಿದಳು. ಸ್ಫೂರ್ತಿ ಎರಡು ಸಲ ಬಡಿಸಿಕೊಂಡಳು, ಅತ್ತದ್ದು ಹಿತ್ತಲಲ್ಲಿ.

೩೦ ಜುಲೈ, ಬುಧವಾರ

ಆಯ್ಕೆಯಾಗಿದ್ದವರಲ್ಲಿ ಇಬ್ಬರು ಬೇರೆ ಕಡೆ ಸೇರಿದ್ದಾರೆ. ಸೀಟು ಬಂದಿತು. ಓಂಕಾರೇಶ್ ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಪೇಡ ಹಂಚಿದನಂತೆ. ಮೊಳೆ ಕೊಳ್ಳಲು ಬಂದಿದ್ದ ಶಿವನಿಯವರೊಬ್ಬರು ಪೇಡ ತಿಂದು ಮೊಳೆ ಮರೆತು ಹೋದರಂತೆ.

ಶೌಕತ್ ಅಲಿಯವರಿಗೆ ನಾನೇ ಫೋನು ಮಾಡಿ ತಿಳಿಸಿದೆ. “ಅಲ್ಹಮ್ದುಲಿಲ್ಲಾ! ಅಮ್ಮಾರೆ, ಇನ್ನು ನಾಕು ವರ್ಷಕ್ಕೆ ಪರದೆ ಒಳಗೂ ನಮ್ಮೋರೇ, ಹೊರಗೂ ನಮ್ಮೋರೇ” ಎಂದರು.

೪ ಆಗಸ್ಟ್, ಸೋಮವಾರ

ಶ್ರಾವಣದ ಎರಡನೆಯ ಸೋಮವಾರ. ಬೆಳಗಿನ ಪೂಜೆಯಾದೊಡನೆ ಸ್ಫೂರ್ತಿ ಮೈಸೂರಿಗೆ ಹೊರಟಳು. ಬೀರೂರಿನಿಂದ ರೈಲು. ಓಂಕಾರೇಶ್ ಕಾರಿನಲ್ಲಿ ಹಾಸಿಗೆ, ಪೆಟ್ಟಿಗೆ ತುಂಬಿಸಿದ. ಅನಿತಾ ಚಟ್ನಿಪುಡಿಯ ಡಬ್ಬಿಗಳನ್ನು ಲೆಕ್ಕ ಮಾಡಿ, ಮತ್ತೆ ಒಂದು ಸೇರಿಸಿದಳು.

ಹೇಳಬೇಕೆಂದು ಕೆಲವು ಹಿತವಚನಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅವಳು ಕಾಲಿಗೆರಗಿ ಎದ್ದಾಗ ಒಂದೂ ನೆನಪಾಗಲಿಲ್ಲ. ಹಣೆಗೆ ವಿಭೂತಿ ಹಚ್ಚಿದೆ.

“ಅಜ್ಜಿ, ಬಿ.ಪಿ. ಮಾತ್ರೆ ತಗೊಂಡ್ಯಾ?” ಎಂದಳು.

“ತಗೊಂಡೆ.”

ಕಾರಿನ ಬಾಗಿಲು ತೆರೆದಿತ್ತು. ಓಂಕಾರೇಶ್ ಹಾರನ್ ಮಾಡಿದ. ಅವಳು ಹತ್ತಲಿಲ್ಲ, ನನ್ನ ಮುಖವನ್ನೇ ನೋಡುತ್ತ ನಿಂತಳು.

“ಮಾತ್ರೆ ತಗೊಂಡ್ಯಾ ಅಜ್ಜಿ?”

ನಾನು ಒಳಗೆ ಹೋಗಿ, ಮಾತ್ರೆ ನುಂಗಿ, ನೀರು ಕುಡಿದು ಬಂದೆ. ಅಲ್ಲಿಯವರೆಗೂ ಅವಳು ಬಾಗಿಲಲ್ಲಿಯೇ ನಿಂತಿದ್ದಳು. ಆಮೇಲೆ ಕಾರು ಹತ್ತಿದಳು.

ಈ ವಿದ್ಯೆಯನ್ನು ಕಲಿಯುವವರಿಗೆ ಒಳಿತಾಗಲಿ; ಕಲಿಸುವವರಿಗೆ ಒಳಿತಾಗಲಿ. ಶೌಕತ್ ಅಲಿಯವರ ಕಣ್ಣು ಇನ್ನೂ ಬಹುಕಾಲ ಚೆನ್ನಾಗಿರಲಿ. ರುದ್ರಮೂರ್ತಿಯ ನಿಷ್ಠುರ ಹಾಗೆಯೇ ಉಳಿಯಲಿ. ಸತ್ಯವನ್ನು ಕುರಿಯ ಲೆಕ್ಕದಲ್ಲಿ ಕಲಿತ ನನ್ನ ಸೊಸೆಯ ಒಡಲು ತಣ್ಣಗಿರಲಿ. ನೋವು ಹೊತ್ತು, ಒಡವೆ ಬಿಚ್ಚಿಟ್ಟು, ಹಸಿರು ಅಂಗಿ ತೊಟ್ಟು ಆ ಕೋಣೆಯಲ್ಲಿ ನಿಲ್ಲುವ ಎಲ್ಲ ಜೀವರ ಒಳಗಿನ ಚಿತ್ರ ಶುಭವನ್ನೇ ತೋರಿಸಲಿ. ಕೇಳುವ ಮಕ್ಕಳಿಗೆ ಮತ್ತೊಮ್ಮೆ ಕೇಳುವ ಧೈರ್ಯವಿರಲಿ. ಉತ್ತರ ಕೊಡುವ ನಮಗೆ, ಹಿರಿಯರಿಗೆ, ಗುರು ವಿನಯವನ್ನು ಕರುಣಿಸಲಿ. ಸರ್ವರಿಗೂ ಮಂಗಳವಾಗಲಿ.